ಕೂಗು ಕಲಿತ ವರ್ಷ

2017ರ ಆಗಸ್ಟ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್ ಕ್ಲಬ್ ಬಿಟ್ಟು ಬೆಂಗಳೂರು ಎಫ್‌ಸಿಗೆ ಬಂದರು. ಮರು ತಿಂಗಳ ಕೊನೆಗೆ ನಾನು ಬೆಂಗಳೂರು ಬಿಟ್ಟು ಜರ್ಮನಿಯ ಕಲೋನ್‌ಗೆ ಓದಲು ಹೋದೆ. ಅವರದು ವೃತ್ತಿ, ನನ್ನದು ಭಾನುವಾರದ ಆಟ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಮಾತೇ ಇಲ್ಲ. ಆದರೆ ಹೊರದೇಶದ ಲೀಗಿಗೆ ಹೋದ ಆಟಗಾರ ಯಾಕೆ ತಡವರಿಸುತ್ತಾನೆ ಅಂತ ಗೆಳೆಯರ ಜೊತೆ ವರ್ಷಗಟ್ಟಲೆ ಹರಟಿದವನು ನಾನು. ಅಲ್ಲಿ ಹತ್ತನೇ ಹಂತದ ಲೀಗಿನಲ್ಲಿ ಒಂದು ಸೀಸನ್ ಆಡಿದ ಮೇಲೆ ಆ ಹರಟೆಯಲ್ಲಿ ಅರ್ಧಕ್ಕರ್ಧ ತಪ್ಪಿತ್ತು ಅನ್ನುವುದು ಅರಿವಾಯಿತು.

ನಮ್ಮ ಮನೆ ವಿವೇಕನಗರದಲ್ಲಿ. ಆಸ್ಟಿನ್ ಟೌನ್ ಕಡೆ ಹೋಗಿ ಆಡುವುದು ಚಿಕ್ಕಂದಿನಿಂದ ಅಭ್ಯಾಸ. ಬಿ ಡಿವಿಷನ್‌ನಲ್ಲಿ ಒಂದು ಸಣ್ಣ ಕ್ಲಬ್ಬಿಗೆ ನಾಲ್ಕು ವರ್ಷ ಲೆಫ್ಟ್ ವಿಂಗ್, ಅಂದರೆ ಎಡ ಅಂಚಿನಲ್ಲಿ ಮುನ್ನುಗ್ಗುವ ಜಾಗದಲ್ಲಿ, ಆಡಿದೆ. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ ಬೆಂಗಳೂರು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತಲ್ಲ, ಆ ರಾತ್ರಿ ನಾನು ಸ್ಟ್ಯಾಂಡಿನಲ್ಲಿದ್ದೆ. ಸುನಿಲ್ ಛೇತ್ರಿ ಎರಡು ಗೋಲು ಹೊಡೆದರು. ಹೊರಗೆ ಬಂದು ಟೀ ಕುಡಿಯುವಾಗ ಒಬ್ಬ ಕೇಳಿದ: "ಇಷ್ಟು ಆಡೋ ಮನುಷ್ಯ ಹೊರಗಡೆ ಯಾಕೆ ಮಚ್ಚಾ ನಿಲ್ಲಲಿಲ್ಲ?" 2009ರಲ್ಲಿ ಛೇತ್ರಿಗೆ ಲಂಡನ್ನಿನ ಕ್ಯೂಪಿಆರ್ ಕ್ಲಬ್ ಜೊತೆ ಮಾತಾಗಿತ್ತು. ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರ ಒಳಗಿಲ್ಲ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಒಂದೂ ಲೀಗ್ ಪಂದ್ಯ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್‌ಗೆ ಹೋದರು, ಅಲ್ಲಿ ಬಿ ತಂಡಕ್ಕೆ ಮೂರೇ ಪಂದ್ಯ. ಮೈಕಟ್ಟು ಸಾಲದು, ಎತ್ತರ ಸಾಲದು ಅಂತ ನಾವು ಟೀ ಮುಗಿಯುವಷ್ಟರಲ್ಲಿ ತೀರ್ಪು ಕೊಟ್ಟು ಮನೆಗೆ ಹೋದೆವು.

ಕಲೋನ್‌ನಲ್ಲಿ ಕಾಲೇಜಿನಿಂದ ರೂಮಿಗೆ ಬರುವ ಟ್ರಾಮ್ ದಾರಿಯಲ್ಲಿ ಒಂದು ಮೈದಾನ ಕಾಣುತ್ತಿತ್ತು. ಸಂಜೆ ಏಳೂವರೆಗೆ ಫ್ಲಡ್‌ಲೈಟ್ ಹಾಕಿಕೊಂಡು ದೊಡ್ಡವರೆಲ್ಲ ಆಡುತ್ತಿದ್ದರು. ಮೂರನೇ ವಾರ ಧೈರ್ಯ ಮಾಡಿ ಇಳಿದು, ಬೇಲಿ ಪಕ್ಕ ನಿಂತಿದ್ದ ಕೋಚ್‌ನ ಮಾತಾಡಿಸಿದೆ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವರು ಅವರು, ಕೈಮೇಲೆ ಇನ್ನೂ ಬಿಳಿ ಚುಕ್ಕೆಗಳಿದ್ದವು. ಮಂಗಳವಾರ, ಗುರುವಾರ ಪ್ರಾಕ್ಟೀಸ್, ಶೂ ಇದ್ದರೆ ಬಾ ಅಂದರು. ಅದು ಕ್ರೈಸ್‌ಲೀಗಾ ಸಿ ಆಡುವ ತಂಡ. ದೇಶದ ಎಲ್ಲಕ್ಕಿಂತ ಮೇಲಿನ ಲೀಗಾದ ಬುಂಡೆಸ್‌ಲೀಗಾದಿಂದ ಎಣಿಸಿಕೊಂಡು ಬಂದರೆ ಆ ಭಾಗದಲ್ಲಿ ಹತ್ತನೆಯದು. ಬೇಕರಿಯವನು, ನರ್ಸ್, ಟ್ರಕ್ ಓಡಿಸುವವನು, ಇಬ್ಬರು ವಿದ್ಯಾರ್ಥಿಗಳು, ಗೋಲಿನ ಮುಂದೆ ನಡುವೆ ನಿಂತು ತಡೆಯುವ 41 ವರ್ಷದ ಒಬ್ಬ ಸೆಂಟರ್ ಬ್ಯಾಕ್. ಇವರ ಮಧ್ಯೆ ನಾನು ಮೊದಲ ವಾರದಲ್ಲೇ ಮಿಂಚುತ್ತೇನೆ ಅಂತ ಖಂಡಿತವಾಗಿ ನಂಬಿದ್ದೆ.

ಮೊದಲು ಕಾಗದದ ಕೆಲಸ. ಒಂದು ದೇಶದ ಫೆಡರೇಷನ್ನಿನಲ್ಲಿ ಹೆಸರು ನೋಂದಾಯಿಸಿ ಆಡಿದವನು ಇನ್ನೊಂದು ದೇಶದಲ್ಲಿ ಆಡಬೇಕಾದರೆ ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಬೇಕು. ಇದು ಕೋಟಿ ಕೋಟಿ ಪಡೆಯುವವರಿಗೆ ಮಾತ್ರ ಅಂದುಕೊಂಡಿದ್ದೆ. ಅಲ್ಲ, ಒಂದು ರೂಪಾಯಿ ಸಂಬಳವಿಲ್ಲದ ನನಗೂ ಬೇಕು. ಕ್ಲಬ್ಬಿನ ಕಾರ್ಯದರ್ಶಿ ಎಪ್ಪತ್ತು ದಾಟಿದ ಅಜ್ಜ. ಕ್ಲಬ್ಬಿನ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಫಾರಂ ತುಂಬಿಸಿದರು. ಹಿಂದಿನ ಕ್ಲಬ್ ಯಾವುದು, ಕೊನೆಯ ಪಂದ್ಯ ಯಾವತ್ತು, ಪಾಸ್‌ಪೋರ್ಟ್ ಪ್ರತಿ, ವಾಸದ ವಿಳಾಸ ನೋಂದಣಿ ಮಾಡಿಸಿದ ಚೀಟಿ. ನಮ್ಮ ಕ್ಲಬ್ಬಿನ ಹೆಸರನ್ನು ಅವರು ಒಂದೊಂದೇ ಅಕ್ಷರವಾಗಿ ಟೈಪ್ ಮಾಡುವಾಗ ನನಗೆ ವಿನಾಕಾರಣ ಗಂಟಲು ಉಬ್ಬಿತು. ಕಾಗದ ಬರಲು ಐದು ವಾರ ಹಿಡಿಯಿತು. ಅಷ್ಟು ದಿನ ಪ್ರಾಕ್ಟೀಸ್ ಮಾಡುವುದು, ಭಾನುವಾರ ಬೇಲಿಯಾಚೆ ನಿಂತು ನೋಡುವುದು.

ಆ ಐದು ವಾರ ನನ್ನ ಪುಣ್ಯ. ಇಲ್ಲದಿದ್ದರೆ ಮೊದಲ ಪಂದ್ಯದಲ್ಲೇ ಮಾನ ಹೋಗುತ್ತಿತ್ತು.

ನಾನು ಮಣ್ಣಿನ ಮೈದಾನದಲ್ಲಿ ಬೆಳೆದವನು. ಮಣ್ಣಿನಲ್ಲಿ ಚೆಂಡು ಹೇಗೆ ಪುಟಿಯುತ್ತದೋ ಕೊನೆಯ ಕ್ಷಣದವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಕಾಲು ತಾನಾಗಿಯೇ ಒಂದು ಕ್ಷಣ ಕಾಯುತ್ತದೆ: ಚೆಂಡು ಪುಟಿದ ಮೇಲೆ ಅಂಗಾಲಿನಿಂದ ಅದುಮಿ ಹಿಡಿ, ಆಮೇಲೆ ತಲೆ ಎತ್ತಿ ನೋಡು. ಇದನ್ನು ಯಾರೂ ಕಲಿಸಿದ್ದಲ್ಲ, ಮೈಗೆ ಹತ್ತಿದ್ದು. ಅಲ್ಲಿಯ ಕೃತಕ ಹುಲ್ಲು ಮಳೆಗೆ ನೆನೆದರೆ ಚೆಂಡು ನೆಲಕ್ಕಂಟಿ ಜಾರಿಕೊಂಡು ಬರುತ್ತದೆ. ನಾನು ಅದುಮಿ ಹಿಡಿಯುವಷ್ಟರಲ್ಲಿ ಎದುರಾಳಿ ಬೆನ್ನಿಗೆ ಬಿದ್ದಿರುತ್ತಿದ್ದ. ನಿಜ ಹೇಳಬೇಕೆಂದರೆ ಅವರು ನನಗಿಂತ ವೇಗವಾಗಿ ಓಡುತ್ತಿರಲಿಲ್ಲ. ಓಟದಲ್ಲಿ ನಾನೇ ಮುಂದು. ಆದರೆ ಚೆಂಡು ನನ್ನ ಕಡೆ ಹೊರಟಾಗಲೇ ಅವರೂ ಹೊರಟಿರುತ್ತಿದ್ದರು, ನಾನು ಚೆಂಡು ತಲುಪಿದ ಮೇಲೆ ಯೋಚಿಸಲು ಶುರು ಮಾಡುತ್ತಿದ್ದೆ. ವ್ಯತ್ಯಾಸ ಅರ್ಧ ಸೆಕೆಂಡ್.

ಎರಡನೆಯದು ನಿಲ್ಲುವ ಜಾಗ. ನಮ್ಮಲ್ಲಿ ವಿಂಗರ್ ಅಂದರೆ ಮೈದಾನದ ಪಕ್ಕದ ಗೆರೆ ಹಿಡಿದು ನಿಲ್ಲಬೇಕು, ಚೆಂಡು ಬಂದಾಗ ಓಡಬೇಕು. ಇಲ್ಲಿ ಚೆಂಡು ಬಲಗಡೆ ಇದ್ದರೆ ಎಡಗಡೆಯವನು ಹದಿನೈದು ಮೀಟರ್ ಒಳಗೆ ಸರಿಯಬೇಕು. ಇಡೀ ತಂಡ ಸೆರಗು ಎಳೆದಂತೆ ಒಟ್ಟಿಗೆ ಆ ಕಡೆ, ಈ ಕಡೆ ಸರಿಯುತ್ತದೆ. ಅದಕ್ಕೆ ಅವರು ಹೇಳುವ ಮಾತು 'ಫೆರ್‌ಶೀಬೆನ್'. ಕೋಚ್ ಒಂದು ಗುರುವಾರ ನನ್ನ ಜರ್ಸಿ ತೋಳು ಹಿಡಿದು ಮೈದಾನದ ಒಳಗೆ ಎಳೆದುಕೊಂಡು ಹೋಗಿ ನಿಲ್ಲಿಸಿದರು. ಹೊರಗೆ ನಿಂತರೆ ನಾನು ಚೆನ್ನಾಗಿ ಆಡುತ್ತಿದ್ದೇನೆ ಅಂತ ನನಗನ್ನಿಸುತ್ತಿತ್ತು. ಅವರ ಕಣ್ಣಿಗೆ ನಾನು ನಿಂತ ಕಡೆ ಒಂದು ತೂತು.

ಇವೆರಡೂ ನಾಲ್ಕಾರು ವಾರದಲ್ಲಿ ಸುಧಾರಿಸಿದವು. ಸುಧಾರಿಸದೆ ಉಳಿದದ್ದು ಬಾಯಿ.

ಚೆಂಡು ತೆಗೆದುಕೊಳ್ಳುವವನಿಗೆ ಬೆನ್ನಿನಲ್ಲಿ ಕಣ್ಣಿರುವುದಿಲ್ಲ, ಜೊತೆಯವರು ಕೂಗಿ ಹೇಳಬೇಕು. ಬೆಂಗಳೂರಿನಲ್ಲಿ 'ಮ್ಯಾನ್ ಆನ್', 'ಟೈಮ್', 'ಬಿಡು ಬಿಡು' ಅಂತ ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಕಲಸಿ ಕೂಗುತ್ತಿದ್ದೆವು. ಯೋಚನೆ ಮಾಡಿ ಕೂಗುತ್ತಿರಲಿಲ್ಲ, ಉಸಿರು ಬಿಟ್ಟ ಹಾಗೆ ಬರುತ್ತಿತ್ತು. ಇಲ್ಲಿ ಬಾಯಿ ತೆರೆದರೆ ಮಾತಿಲ್ಲ. ಜೊತೆಗೆ ಇನ್ನೊಂದು ತೊಡಕು, ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮಲ್ಲಿ ಸೀನಿಯರ್ ಅಂದರೆ ಅಣ್ಣ, ಕೋಚ್ ಅಂದರೆ ಸರ್. ಅಣ್ಣನಿಗೆ ಕೂಗುವಾಗಲೂ ದನಿ ಒಂದು ಮೆಟ್ಟಿಲು ಕೆಳಗೇ ಇರುತ್ತದೆ. ಇಲ್ಲಿ 41 ವರ್ಷದ ಆ ಸೆಂಟರ್ ಬ್ಯಾಕ್‌ಗೆ, ನನ್ನ ಚಿಕ್ಕಪ್ಪನ ವಯಸ್ಸಿನವರಿಗೆ, ಬರೀ ಹೆಸರು ಹಿಡಿದು, ಏಕವಚನದಲ್ಲಿ, ಗಂಟಲು ಹರಿಯುವ ಹಾಗೆ 'ಮುಂದೆ ಬಾ' ಅಂತ ಕೂಗಬೇಕು. ಕೂಗದಿದ್ದರೆ ಅದನ್ನು ಅವರು ವಿನಯ ಅಂದುಕೊಳ್ಳುವುದಿಲ್ಲ. ಇವನಿಗೆ ಆಟದ ಮೇಲೆ ಗಮನವಿಲ್ಲ ಅಂದುಕೊಳ್ಳುತ್ತಾರೆ. ನಾನು ಬಾಯಿಮುಚ್ಚಿಕೊಂಡು ಓಡುತ್ತಿದ್ದೆ.

ಕಾಗದ ಬಂದ ಮೇಲೆ ನನ್ನ ಮೂರನೇ ಪಂದ್ಯ, ಒಂದು ಭಾನುವಾರ, ಜಿಟಿಜಿಟಿ ಮಳೆ, 1-1. ನಮ್ಮ ಅರ್ಧದಲ್ಲಿ ಒಂದು ಎತ್ತರದ ಚೆಂಡು ನನಗೂ ನನ್ನ ಹಿಂದೆ ಎಡಗಡೆ ಕಾಯುವ ಲೆಫ್ಟ್ ಬ್ಯಾಕ್‌ಗೂ ನಡುವೆ ಇಳಿಯುತ್ತಿತ್ತು. ಅವನು "ಲೇಓ!" ಅಂತ ಕೂಗಿದ. ನಮ್ಮ ತಂಡದಲ್ಲಿ ಲೇಓ ಅನ್ನುವವರು ಯಾರೂ ಇರಲಿಲ್ಲ. ಯಾರನ್ನೋ ಕರೆಯುತ್ತಿದ್ದಾನೆ, ಚೆಂಡು ನನ್ನದೇ ಅಂತ ನಾನು ಹಾರಿದೆ. ಅವನೂ ಹಾರಿದ. ಇಬ್ಬರ ತಲೆಗೂ ಪೆಟ್ಟಾಗಿ ಕೆಳಗೆ ಬಿದ್ದೆವು, ಚೆಂಡು ಎದುರಾಳಿಯ ಕಾಲಿಗೆ ಹೋಗಿ ಗೋಲಾಯಿತು. ಸೋತೆವು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಬೈಯಲಿಲ್ಲ. ಎಲ್ಲರೂ ಬೂಟಿಗೆ ಅಂಟಿದ ಕಪ್ಪು ರಬ್ಬರ್ ಕಾಳು ಕೊಡವುತ್ತ ಕೂತಿದ್ದರು. ಆ ಮೌನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕೊನೆಗೆ ಟರ್ಕಿ ಮೂಲದ ನಮ್ಮ ಗೋಲ್‌ಕೀಪರ್ ಪಕ್ಕ ಬಂದು ಕೂತು ಹೇಳಿದ: 'ಲೇಓ' ಅಂದರೆ ಹೆಸರಲ್ಲ, 'ಬಿಡು, ಚೆಂಡು ನನ್ನದು' ಅಂತ. ಜರ್ಮನಿಯಲ್ಲಿ ಫುಟ್‌ಬಾಲ್ ಆಡುವ ಎಂಟು ವರ್ಷದ ಮಗುವಿಗೂ ಗೊತ್ತು. ನನ್ನ ಭಾಷಾ ತರಗತಿಯ ಪುಸ್ತಕದಲ್ಲಿ ಅದಿಲ್ಲ. ನನಗೆ ಗೊತ್ತಿಲ್ಲದಿರಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಅವತ್ತು ರಾತ್ರಿ ಕಂಠೀರವದ ಹೊರಗಿನ ಆ ಟೀ ನೆನಪಾಯಿತು. ಮೈಕಟ್ಟು, ಎತ್ತರ ಅಂದಿದ್ದೆವಲ್ಲ. ಛೇತ್ರಿಯವರಿಗೆ ಅಲ್ಲಿ ಏನಾಯಿತು ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ 27 ವರ್ಷ ಒಂದು ಬಗೆಯ ಆಟಕ್ಕೆ ಹೊಂದಿಕೊಂಡ ಮೈ ಇನ್ನೊಂದು ಬಗೆಗೆ ಹೊರಳಲು ಎಷ್ಟು ಭಾನುವಾರ ಬೇಕು, ಮೂರು ಪಂದ್ಯದಲ್ಲಿ ಅದಾಗುತ್ತದಾ ಅಂತ ಆ ರಾತ್ರಿ ಮೊದಲ ಸಲ ಕೇಳಿಕೊಂಡೆ. ಗುರ್‌ಪ್ರೀತ್ 22ನೇ ವಯಸ್ಸಿಗೆ, 2014ರಲ್ಲಿ ಸ್ಟಾಬೆಕ್‌ಗೆ ಹೋದವರು. ಲೀಗಿನಲ್ಲಿ ಮೊದಲ ಸಲ ಗೋಲಿನ ಮುಂದೆ ನಿಂತದ್ದು 2016ರಲ್ಲಿ. ಸುಮಾರು ಎರಡು ವರ್ಷ ಪ್ರಾಕ್ಟೀಸ್, ಬೆಂಚು, ಚಳಿ. ಅದೇ ವರ್ಷ ಜೂನ್ 30ರಂದು ಯುರೋಪಿನ ಕ್ಲಬ್‌ಗಳ ಯುರೋಪಾ ಲೀಗಿನ ಅರ್ಹತಾ ಪಂದ್ಯ ಆಡಿದರು. ಪತ್ರಿಕೆಯಲ್ಲಿ ಆ ಒಂದು ದಿನ ಬಂತು, ಹಿಂದಿನ ಎರಡು ವರ್ಷ ಬರಲಿಲ್ಲ. ಸೌತ್ ಕೊರಿಯಾದ ಸನ್ ಹ್ಯೂಂಗ್-ಮಿನ್ 16ಕ್ಕೇ ಹ್ಯಾಂಬರ್ಗ್‌ನ ಅಕಾಡೆಮಿಗೆ ಬಂದವರು, ಜರ್ಮನ್ ಅಚ್ಚುಕಟ್ಟಾಗಿ ಕಲಿತವರು. ಈಗ ಎಲ್ಲರಿಗೂ ಹಾಗೆ ಹೋಗಲಾಗುವುದಿಲ್ಲ, 18 ತುಂಬದವರನ್ನು ದೇಶದಿಂದ ದೇಶಕ್ಕೆ ಒಯ್ಯುವುದಕ್ಕೆ ಫಿಫಾದ ನಿಯಮ ಅಡ್ಡ ಇದೆ, ಕೆಲವು ವಿನಾಯಿತಿ ಬಿಟ್ಟರೆ. ಮಕ್ಕಳ ಹಿತಕ್ಕೆ ಮಾಡಿದ ನಿಯಮ, ಸರಿಯೇ. ಆದರೆ ನಮ್ಮ ಹುಡುಗರು ಹೊರಡುವುದು ಇಪ್ಪತ್ತು ದಾಟಿದ ಮೇಲೆ, ಕಾಲಿನ ಅಭ್ಯಾಸಗಳೆಲ್ಲ ಗಟ್ಟಿಯಾದ ಮೇಲೆ ಅನ್ನುವುದನ್ನು ಮರೆಯಬಾರದು.

ಡಿಸೆಂಬರ್‌ನಲ್ಲಿ ಲೀಗಿಗೆ ಚಳಿಗಾಲದ ಬಿಡುವು. ನಾಲ್ಕೂವರೆಗೆ ಕತ್ತಲು. ಅಮ್ಮ ದಿನಾ ಫೋನ್ ಮಾಡಿ "ಊಟ ಆಯ್ತಾ, ದನಿ ಯಾಕೆ ಸಣ್ಣಗಿದೆ?" ಅನ್ನುತ್ತಿದ್ದರು. ಅನ್ನ ಸಾರು ಮಾಡಿಕೊಳ್ಳುತ್ತಿದ್ದೆ, ಊಟದ ತೊಂದರೆ ಇರಲಿಲ್ಲ. ದನಿ ಯಾಕೆ ಸಣ್ಣಗಿದೆ ಅಂದರೆ ಹೇಳಲು ಏನೂ ಇರಲಿಲ್ಲ. 1936ರಲ್ಲಿ ಕೋಲ್ಕತ್ತದ ಮೊಹಮ್ಮದ್ ಸಲೀಂ ಸ್ಕಾಟ್‌ಲೆಂಡಿನ ಸೆಲ್ಟಿಕ್‌ಗೆ ಹೋಗಿ, ಬೂಟಿಲ್ಲದೆ ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಎರಡು ಪಂದ್ಯ ಆಡಿ ಎಲ್ಲರ ಮನ ಗೆದ್ದು, ಕೊನೆಗೆ ಊರಿನ ಹಂಬಲ ತಡೆಯದೆ ಹಡಗು ಹತ್ತಿ ವಾಪಸ್ ಬಂದರು. ಮೊದಲು ಈ ಕಥೆ ಕೇಳಿದಾಗ 'ಅಯ್ಯೋ, ಎಂಥ ಅವಕಾಶ ಬಿಟ್ಟರು' ಅನ್ನಿಸಿತ್ತು. ಆ ಡಿಸೆಂಬರ್‌ನಲ್ಲಿ ಹಾಗನ್ನಿಸಲಿಲ್ಲ.

ಬಿಡುವಿನ ಒಂದು ಸಂಜೆ ಕಾರ್ಯದರ್ಶಿ ಅಜ್ಜ ಕ್ಲಬ್ಬಿಗೆ ಕರೆದರು. ಅಲ್ಲಿಯವರೆಗೆ ನಾನು ಪಂದ್ಯ ಮುಗಿದ ಕೂಡಲೇ ಬ್ಯಾಗ್ ಎತ್ತಿಕೊಂಡು ಹೊರಡುತ್ತಿದ್ದೆ. ಅವರು ಸಾಸೇಜು, ಬಿಯರ್ ಅಂತ ಕೂರುವವರು, ನಾನು ಎರಡನ್ನೂ ಮುಟ್ಟದವನು, ಅಲ್ಲಿ ನನಗೇನು ಕೆಲಸ ಅಂತ. ಇದು ನಾನು ಮಾಡಿದ ದೊಡ್ಡ ತಪ್ಪು. ಅಜ್ಜ ಸೇಬಿನ ರಸಕ್ಕೆ ಸೋಡಾ ಬೆರೆಸಿ ಮುಂದಿಟ್ಟು, ಜಪಾನಿನ ಯಸುಹಿಕೊ ಒಕುದೆರಾ ಅವರ ಕಥೆ ತೆಗೆದರು. 1977ರಲ್ಲಿ ಊರಿನ ದೊಡ್ಡ ಕ್ಲಬ್ 1. ಎಫ್‌ಸಿ ಕಲೋನ್‌ಗೆ ಬಂದವರು, ಬುಂಡೆಸ್‌ಲೀಗಾ ಆಡಿದ ಮೊದಲ ಜಪಾನಿ. ಅವರ ದೇಶದಲ್ಲಿ ಆಗ ವೃತ್ತಿಪರ ಲೀಗೇ ಇಲ್ಲ, ಕಂಪನಿಯ ನೌಕರರಾಗಿ ಆಡುತ್ತಿದ್ದವರು. ಕೋಚ್ ಹೆನ್ನೆಸ್ ವೈಸ್‌ವೈಲರ್ ತಾವೇ ಕಣ್ಣಾರೆ ಆಟ ನೋಡಿ, ಹೇಗೆ ಬಳಸಬೇಕು ಅಂತ ಗೊತ್ತಿದ್ದೇ ಕರೆಸಿಕೊಂಡಿದ್ದರು. ಆ ಸೀಸನ್ ಕಲೋನ್ ಲೀಗ್, ಕಪ್ ಎರಡನ್ನೂ ಗೆದ್ದಿತು. 1979ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಯುರೋಪಿಯನ್ ಕಪ್ ಸೆಮಿಫೈನಲ್, ಒಕುದೆರಾ ಸಬ್‌ಸ್ಟಿಟ್ಯೂಟ್ ಆಗಿ ಇಳಿದು 3-3 ಮಾಡಿದ ಗೋಲು ಹೊಡೆದರು. ಅಜ್ಜ ಅದನ್ನು ಹೇಳುವಾಗ ಎದ್ದು ನಿಂತು ಎಡಗಾಲು ಬೀಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಓಡ್ತೀಯ ಚೆನ್ನಾಗಿ. ಆದರೆ ನೀನು ಎಲ್ಲಿದೀಯ ಅಂತ ನಮಗೆ ಕೇಳಿಸೋದಿಲ್ಲ" ಅಂದರು.

ಜನವರಿಯಲ್ಲಿ ಗೋಲ್‌ಕೀಪರ್ ನನ್ನ ಕೈ ಹಿಡಿದ. ಪ್ರಾಕ್ಟೀಸ್ ಮುಗಿದ ಮೇಲೆ ಹದಿನೈದು ನಿಮಿಷ ನಾವಿಬ್ಬರೇ. ನಾನು ಅವನಿಗೆ ಬೆನ್ನು ಹಾಕಿ ನಿಲ್ಲಬೇಕು, ಅವನು ಚೆಂಡು ಎಸೆದು ಕೂಗಬೇಕು. 'ಹಿಂಟರ್‌ಮಾನ್' ಅಂದರೆ ಹಿಂದೆ ಆಳಿದ್ದಾನೆ, ತಿರುಗಬೇಡ. 'ಡ್ರೇ' ಅಂದರೆ ತಿರುಗು. 'ಕ್ಲಾಚ್' ಅಂದರೆ ಹಿಡಿಯಬೇಡ, ಒಂದೇ ಮುಟ್ಟಿಗೆ ವಾಪಸ್ ಕೊಡು. 'ರೌಸ್' ಅಂದರೆ ಎಲ್ಲರೂ ಮುಂದೆ ಓಡಿ. ಮೊಬೈಲಿನಲ್ಲಿ ಇವನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಟ್ರಾಮಿನಲ್ಲಿ ಮಗ್ಗಿ ಹೇಳಿದ ಹಾಗೆ ಹೇಳಿಕೊಳ್ಳುತ್ತಿದ್ದೆ. ಮೊದಲ ವಾರ ಕೂಗು ಕಿವಿಗೆ ಬಿದ್ದು, ಕನ್ನಡವಾಗಿ, ಆಮೇಲೆ ಕಾಲಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತಿತ್ತು. ಫೆಬ್ರವರಿ ನಡುವೆ ಒಂದು ದಿನ 'ಕ್ಲಾಚ್' ಅಂದ ತಕ್ಷಣ ಚೆಂಡು ವಾಪಸ್ ಹೋಗಿತ್ತು, ನಾನು ಆ ಮಾತು ಕೇಳಿಸಿಕೊಂಡೆ ಅಂತ ಗೊತ್ತಾದದ್ದು ಆಮೇಲೆ. ಅವನು ಗ್ಲೌಸ್ ಹಾಕಿದ ಎರಡೂ ಕೈ ಮೇಲೆತ್ತಿದ. ನಂತರ ಪಾತ್ರ ಬದಲಿಸಿದ: ಅವನು ಬೆನ್ನು ಹಾಕಿ ನಿಂತ, ಕೂಗುವುದು ನಾನು. ಇದು ಇನ್ನೂ ಕಷ್ಟ. "ಇನ್ನೂ ಜೋರು, ಪಕ್ಕದ ಬೀದಿಗೆ ಕೇಳಬೇಕು" ಅಂತ ಬಿಡದೆ ಕೂಗಿಸಿದ.

ಭಾನುವಾರ ಪಂದ್ಯದ ಮೇಲೆ ಕೂರಲು ಶುರು ಮಾಡಿದೆ. ಆಲೂಗಡ್ಡೆ ಸಲಾಡ್, ಸೇಬಿನ ಸೋಡಾ ನನ್ನ ಪಾಲಿಗೆ ತಾವಾಗಿಯೇ ಬರತೊಡಗಿದವು. ಆ ವರ್ಷ ಅಲ್ಲಿನ ಮಾತೆಲ್ಲ 1. ಎಫ್‌ಸಿ ಕಲೋನ್ ಮುಳುಗುತ್ತಿರುವ ಬಗ್ಗೆ. ಹಿಂದಿನ ಸೀಸನ್ ಲೀಗಿನಲ್ಲಿ 25 ಗೋಲು ಹೊಡೆದ ಆಂಟನಿ ಮೊಡೆಸ್ಟ್ ಚೀನಾದ ತ್ಯಾಂಜಿನ್‌ಗೆ ಹೋಗಿದ್ದರು, ಇಲ್ಲಿ ತಂಡ ಪಟ್ಟಿಯ ತಳ ಸೇರಿತ್ತು. ದುಡ್ಡಿನಾಸೆ ಅಂತ ಬೇಕರಿಯವನು ಬೈಯುತ್ತಿದ್ದ. ಕೋಚ್ ಮಾತ್ರ ಬೇರೆ ಹೇಳುತ್ತಿದ್ದರು: ಮೊಡೆಸ್ಟ್ ಎಲ್ಲಿಗೆ ಓಡುತ್ತಾನೆ ಅಂತ ಇಲ್ಲಿನ ಹತ್ತು ಜನಕ್ಕೆ ನಿದ್ದೆಯಲ್ಲೂ ಗೊತ್ತಿತ್ತು, ಅಲ್ಲಿ ಹೊಸದಾಗಿ ಹತ್ತು ಜನ ಕಲಿಯಬೇಕು. ಮೊಡೆಸ್ಟ್ ಮುಂದಿನ ವರ್ಷವೇ ವಾಪಸ್ ಬಂದರು. ನನಗೆ ಜಪಾನಿನ ಶಿಂಜಿ ಕಗಾವಾ ನೆನಪಾಗುತ್ತಿದ್ದರು. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಸ್ಟ್ರೈಕರ್ ಹಿಂದೆ ಆಡಿ ಎರಡು ಸಲ ಲೀಗ್ ಗೆದ್ದವರು. 2012ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ ಆ ಜಾಗ ಖಾಲಿ ಇರಲಿಲ್ಲ, ಎಡಗಡೆಗೆ ತಳ್ಳಿದರು. ವರ್ಷದೊಳಗೆ, ಅವರನ್ನು ಕರೆಸಿಕೊಂಡ ಕೋಚ್ ಫರ್ಗುಸನ್ನರೇ ನಿವೃತ್ತಿಯಾದರು. 2014ಕ್ಕೆ ಕಗಾವಾ ಡಾರ್ಟ್‌ಮುಂಡ್‌ಗೆ ಮರಳಿದರು. ಅದೇ ಕಾಲು, ಅದೇ ಮನುಷ್ಯ. ಚೆಲ್ಸಿಯಲ್ಲಿ ಬೆಂಚು ಕಾದ ಈಜಿಪ್ಟಿನ ಮೊಹಮದ್ ಸಲಾ ಇಟಲಿ ಸುತ್ತಿ ಬಂದು ಲಿವರ್‌ಪೂಲ್‌ನಲ್ಲಿ 32 ಲೀಗ್ ಗೋಲು ಹೊಡೆಯುತ್ತಿದ್ದದ್ದೂ ನಾನು ಕ್ರೈಸ್‌ಲೀಗಾ ಆಡುತ್ತಿದ್ದ ಅದೇ ಸೀಸನ್. ಆಟಗಾರ ಸೋತ ಅಂತ ನಾವು ಅನ್ನುವಾಗ, ಅವನನ್ನು ಕರೆಸಿಕೊಂಡವರು ಏನು ಅಂದುಕೊಂಡು ಕರೆಸಿಕೊಂಡರು ಅಂತ ಯಾರೂ ಕೇಳುವುದಿಲ್ಲ. ಈ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ.

ಮೇ ತಿಂಗಳ ಒಂದು ಪಂದ್ಯ, ಬಿಸಿಲು, ಎದುರಾಳಿಯ ಮೈದಾನ ಕೆಂಪು ಬೂದಿಪುಡಿಯದು. ಅಂಥ ಮೈದಾನ ಆ ಕಡೆ ಇನ್ನೂ ಉಳಿದಿವೆ. ಚೆಂಡು ಅಲ್ಲಿ ನಮ್ಮೂರಿನ ಹಾಗೆ ಎಲ್ಲೆಲ್ಲೋ ಪುಟಿಯುತ್ತದೆ, ನನಗೆ ಹಬ್ಬ. ನಮ್ಮ ಪೆನಾಲ್ಟಿ ಬಾಕ್ಸಿನ ಹೊರಗೆ ಒಂದು ಚೆಂಡು ಎತ್ತರದಿಂದ ಇಳಿಯುತ್ತಿತ್ತು. ಸೆಂಟರ್ ಬ್ಯಾಕ್ ಹಣೆ ಒಡ್ಡಲು ಸಿದ್ಧರಾಗುತ್ತಿದ್ದರು. ನನಗೆ ಅವರ ಹಿಂದಿನಿಂದ ಬರುತ್ತಿದ್ದ ಎದುರಾಳಿ ಕಂಡ, ಮುಂದಿದ್ದ ಖಾಲಿ ಜಾಗವೂ ಕಂಡಿತು. "ಲೇಓ!" ಅಂತ ಕೂಗಿದೆ. ಅವರು ತಿರುಗಿಯೂ ನೋಡದೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ಚೆಂಡನ್ನು ಎದೆಗೆ ತೆಗೆದುಕೊಂಡು, ಪುಟಿಯುವುದನ್ನು ಒಂದು ಕ್ಷಣ ಕಾದು, ಗೆರೆ ಹಿಡಿದು ಓಡಿದೆ. ಗೋಲೇನೂ ಆಗಲಿಲ್ಲ, ಕಾರ್ನರ್ ಸಿಕ್ಕಿತು. ಯಾರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ರಾತ್ರಿ ಅಮ್ಮ ಫೋನ್ ಮಾಡಿದರು. "ಗಂಟಲು ಯಾಕೋ ಹೀಗೆ ಒಡೆದಿದೆ? ಶೀತ ಆಗಿದೆಯಾ?"

"ಇಲ್ಲಮ್ಮ. ಆಟದಲ್ಲಿ ಕೂಗಿ ಕೂಗಿ."

ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡ್ಕೊಂಡು ಕುಡಿ ಅಂದರು. ಮಾಡಿಕೊಂಡು ಕುಡಿದೆ.